ಪರಂತು

ರಾಜ್ಯಪತ್ರದ ಹಾಳೆಗಳು ಮೊಬೈಲಿಗೆ ಬಂದಾಗ ಕೊಟ್ರಪ್ಪ ಗಲ್ಲಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯೆದುರು ನಿಂತಿದ್ದ. ಕಳಿಸಿದವನು ಸಾಣಾಪುರದ ಹರಿಗೋಲು ಸಂಘದ ಕಾರ್ಯದರ್ಶಿ ಮಕ್ಬುಲಸಾಬ. ಹಾಳೆಗಳ ಕೆಳಗೆ ಕೈಮುಗಿದ ಚಿತ್ರ, ಅದರ ಕೆಳಗೆ ‘ಸರ್, ನಮ್ಮ ಕಾನೂನು ಬಂತು. ಇವತ್ತು ಹನ್ನೊಂದಕ್ಕೆ ಸನ್ಮಾನ. ತಪ್ಪಿಸಬ್ಯಾಡ್ರಿ’ ಎಂಬ ಬರಹ. ನಮ್ಮ ಕಾನೂನು. ಒದ್ದೆ ಬೆರಳಿಗೆ ಹಾಳೆ ಸರಿಯಲಿಲ್ಲ. ಬನಿಯನ್ನಿಗೆ ಒರೆಸಿಕೊಂಡು ಮತ್ತೆ ಸರಿಸಿದ. ಹನ್ನೊಂದನೆಯ ಪ್ರಕರಣದ ಎರಡನೆಯ ಉಪಪ್ರಕರಣ: ಹರಿಗೋಲು ನಡೆಸಲು ಪರವಾನಗಿ ಕೋರುವ ವ್ಯಕ್ತಿಯು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿರತಕ್ಕದ್ದು. ಪೂರ್ಣವಿರಾಮ. ಆ ಚುಕ್ಕೆಯ ಮುಂದೆ ಏನೂ ಇರುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಇಡೀ ರಾಜ್ಯದಲ್ಲಿ ಇರಲಿಲ್ಲ. ಆದರೂ ಎರಡು ಬೆರಳಿನಿಂದ ಆ ಜಾಗವನ್ನು ಹಿಗ್ಗಿಸಿ ನೋಡಿದ. ಬಿಳಿ ಜಾಗ ದೊಡ್ಡದಾಯಿತು, ಅಷ್ಟೇ. ಡಿಸೆಂಬರಿನಲ್ಲಿ ಬೆಳಗಾವಿಯ ಸದನದಲ್ಲಿದ್ದಾಗ ಇದರ ಹೆಸರು ಹನ್ನೊಂದನೆಯ ಖಂಡ ಎಂದಿತ್ತು. ರಾಜ್ಯಪಾಲರ ಅಂಕಿತ ಬಿದ್ದ ಮೇಲೆ ವಿಧೇಯಕ ಅಧಿನಿಯಮವಾಗಿತ್ತು, ಖಂಡ ಪ್ರಕರಣವಾಗಿತ್ತು. ಮದುವೆಯಾದ ಹೆಣ್ಣಿಗೆ ಅಕ್ಕಿಯಲ್ಲಿ ಹೊಸ ಹೆಸರು ಬರೆಸುತ್ತಾರಲ್ಲ, ಹಾಗೆ. ಇನ್ನು ತವರಿಗೆ ಕರೆಸಿಕೊಳ್ಳುವ ಮಾತಿಲ್ಲ.

“ಏನ್ರಿ, ಗಡ್ಡ ಮುಗಿಲಿಲ್ಲೇನು? ಉಪ್ಪಿಟ್ಟು ಆರಾಕತ್ತೈತಿ.” ಶಿವಲೀಲಾ ಅಡುಗೆಮನೆಯಿಂದಲೇ ಕೇಳಿದಳು. ಸನ್ಮಾನವೆಂದು ಆಕೆ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಆಗಲೇ ಕುರ್ಚಿಯ ಬೆನ್ನಿಗೆ ತೊಡಿಸಿಟ್ಟಿದ್ದಳು. ಆ ಕುರ್ಚಿ ಅವನಿಗಿಂತ ಹೆಚ್ಚು ಶಾಸಕನಂತೆ ಕಾಣುತ್ತಿತ್ತು.

“ಹೋಗೂದು ಬ್ಯಾಡ ಅನಸ್ತೈತಿ. ಮೈ ಒಂಥರಾ ಆಗೇತಿ.”

“ಬೆಳಗಾಂವಿಂದ ಬಂದಾಗಿಂದ ನಿಮ್ಮ ಮೈ ಒಂಥರಾನ ಐತಿ,” ಎಂದಳು ಶಿವಲೀಲಾ, ಬಾಗಿಲಿಗೆ ಬಂದು. “ಏನಂತ ನೀವೂ ಹೇಳಂಗಿಲ್ಲ, ನಾನೂ ಕೇಳಂಗಿಲ್ಲ. ಆದ್ರ ಆ ಮಂದಿ ಶಾಮಿಯಾನ ಹಾಕ್ಯಾರ. ಹೋಗಿ ಬರ್ರಿ.”

ಅವಳು ಕೇಳಿದ್ದರೆ ಹೇಳುತ್ತಿದ್ದನೇನೋ. ಎರಡು ತಿಂಗಳಿನಿಂದ ಪ್ರತಿ ದಿನ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದ, ಪ್ರತಿ ದಿನವೂ ಒಂದು ಉತ್ತರ ಕೊಟ್ಟುಕೊಳ್ಳುತ್ತಿದ್ದ, ಉತ್ತರ ಸರಿಯಾಗಿಯೇ ಇರುತ್ತಿತ್ತು. ಕೊಪ್ಪಳದ ನಿಲ್ದಾಣದಲ್ಲಿ ಹುಲಿಗಿಯ ಮೇಲೆ ಆನೆಗುಂದಿಗೆ ಹೋಗುವ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಮತ್ತೊಮ್ಮೆ ಅದೇ ಉತ್ತರವನ್ನು ಹೇಳಿಕೊಂಡ. ಕಂಡಕ್ಟರ ಅವನ ಶಾಸಕರ ಪಾಸನ್ನು ಹಿಂದೆ ಮುಂದೆ ತಿರುಗಿಸಿ, “ಹಿರೇ ಮನಶ್ಯಾರ ಕಾರ್ಡ ಹಿಂಗ ಇರಂಗಿಲ್ಲಲ್ರಿ ಅಜ್ಜಾರ?” ಎಂದ. ಹಿಂದಿನ ಸೀಟಿನವರು ನಕ್ಕರು. ಕೊಟ್ರಪ್ಪನಿಗೆ ತಾನು ಪರಿಷತ್ತಿನ ಸದಸ್ಯನೆಂದು ಹೇಳಲು ಬಾಯಿ ಬರಲಿಲ್ಲ, ಟಿಕೀಟು ತೆಗೆಸಿಕೊಂಡ. ನಗು ಎಂದರೆ ಅವನಿಗೆ ಬೆನ್ನಹುರಿಯಲ್ಲಿ ಏನೋ ಕುಗ್ಗಿದ ಹಾಗೆ ಆಗುತ್ತಿತ್ತು. ಮೊದಲು ಹೀಗಿರಲಿಲ್ಲ. ಮೂವತ್ತನಾಲ್ಕು ವರ್ಷ ಹುಲಿಹೈದರದಿಂದ ಕುಷ್ಟಗಿಯವರೆಗೆ ಸರ್ಕಾರಿ ಸಾಲೆಗಳಲ್ಲಿ ಮಕ್ಕಳ ಮುಂದೆ ನಿಂತವನು; ಕೂತು ಪಾಠ ಹೇಳಿದವನೇ ಅಲ್ಲ. ಊರೂರಿಗೆ ವಯಸ್ಕರ ಶಾಲೆ ತೆರೆಸಿದ ಎಂಬ ಕಾರಣಕ್ಕೆ, ನಿವೃತ್ತನಾಗಿ ಮೂರು ವರ್ಷಕ್ಕೆ, ಯಾರೋ ಹೆಸರು ಹೇಳಿ, ಯಾರೋ ಒಪ್ಪಿ, ಕೊಪ್ಪಳದ ಪಕ್ಕದ ಭಾಗ್ಯನಗರದ ಅವನ ಮನೆಯ ಮುಂದೆ ಒಂದು ಮುಂಜಾನೆ ಪಟಾಕಿ ಹಾರಿ, ಅವನು ಮೇಲ್ಮನೆಗೆ ನಾಮನಿರ್ದೇಶಿತನಾದ. ಮೊದಲ ಭಾಷಣದಲ್ಲಿ ಗ್ರಂಥಾಲಯಗಳ ಬಗ್ಗೆ ಹನ್ನೆರಡು ನಿಮಿಷ ಚೆನ್ನಾಗಿಯೇ ಮಾತಾಡಿದ್ದ. ಕೊನೆಗೆ, ಯಾವ ಜನ್ಮದ ರೂಢಿಯೋ, ಕೈಯನ್ನು ಎತ್ತಿ, ಸದನದ ಕಡೆ ಬೆರಳು ತೋರಿಸಿ, “ಅರ್ಥ ಆತೇನ?” ಎಂದುಬಿಟ್ಟಿದ್ದ. ಹಿಂದಿನ ಸಾಲಿನಿಂದ ನಾಲ್ಕೈದು ಮಂದಿ ರಾಗವಾಗಿ “ಆತ್ರೀ ಸರ” ಎಂದರು. ಸಭಾಪತಿಗಳೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆ ನಗುವಿನಲ್ಲಿ ದ್ವೇಷವಿರಲಿಲ್ಲ, ಪ್ರೀತಿಯೇ ಇತ್ತು ಎಂದು ಎಲ್ಲರೂ ಹೇಳಿದರು. ಅದು ಮೊಬೈಲಿನಿಂದ ಮೊಬೈಲಿಗೆ ಹೋಗಿ ಕುಷ್ಟಗಿಯ ಅವನ ಹಳೆಯ ಸಾಲೆಯ ಮಕ್ಕಳವರೆಗೂ ಮುಟ್ಟಿತು. ಅಂದಿನಿಂದ ಸಭಾಪತಿಗಳು ತನ್ನ ಹೆಸರು ಹಿಡಿದರೆ ಸಾಕು, ತೊಡೆಗಳು ಕುರ್ಚಿಗೆ ಅಂಟಿಕೊಳ್ಳುತ್ತಿದ್ದವು.

ಹುಲಿಗಿ ದಾಟಿ ಕಾಲುವೆಯ ಪಕ್ಕಕ್ಕೆ ಬಸ್ಸು ಹೊರಳಿತು. ಹಿಂಗಾರಿ ಭತ್ತದ ನಾಟಿ ನಡೆದಿತ್ತು; ಕೆಸರಿನಲ್ಲಿ ಬಗ್ಗಿದ ಹೆಂಗಸರ ಸಾಲಿನ ಆಚೆಗೆ ಬಂಡೆಗಳ ಗುಡ್ಡ. ನವೆಂಬರಿನಲ್ಲಿ ಇದೇ ದಾರಿಯಲ್ಲಿ ವಿಧೇಯಕದ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದ. ಬರುವಾಗ ಹನ್ನೊಂದನೆಯ ಖಂಡವನ್ನು ಓದಿ ಅವನಿಗೆ ಸಂತೋಷವಾಗಿತ್ತು. ಅದನ್ನು ನೆನೆದರೆ ಈಗ ಮುಖ ಬಿಸಿಯಾಗುತ್ತದೆ. ಹತ್ತನೆಯ ತರಗತಿ ಕಡ್ಡಾಯ, ಹಾಗಾದರೂ ಮಕ್ಕಳನ್ನು ಸಾಲೆ ಬಿಡಿಸುವುದು ನಿಲ್ಲುತ್ತದೆ ಎಂದುಕೊಂಡು, ಭೇಷ್ ಎಂದು ಪಕ್ಕದಲ್ಲಿ ಪೆನ್ಸಿಲಿನ ಗುರುತು ಹಾಕಿದ್ದ. ಸಾಣಾಪುರದ ಕೆರೆಯ ದಂಡೆಯ ಬಂಡೆಯ ಮೇಲೆ ಕೂತು ಸಂಘದ ಮೂವತ್ತೊಂದು ಮಂದಿಗೆ ಓದಿ ಹೇಳುತ್ತಿದ್ದಾಗ ಮೊದಲಿಗೆ ಯಾರೂ ತಕರಾರು ಮಾಡಿರಲಿಲ್ಲ. ಯಂತ್ರದ ದೋಣಿಗಳು ಹರಿಗೋಲಿನ ಘಾಟಿನ ಹತ್ತಿರ ಸುಳಿಯಬಾರದು ಎಂಬಲ್ಲಿ ಚಪ್ಪಾಳೆ ತಟ್ಟಿದರು. ನೀರಿಗೆ ಬಿದ್ದು ಸತ್ತವರ ಮನೆಗೆ ವಿಮೆ ಎಂಬಲ್ಲಿ ತಲೆಯಾಡಿಸಿದರು. ಹನ್ನೊಂದಕ್ಕೆ ಬಂದಾಗ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು, “ಕೆರಿಗೆ ಗೊತ್ತಾಗ್ತೈತೇನ್ರಿ ಮಾಸ್ತರ್ರ, ಯಾರು ಹತ್ತನೇತ್ತ ಪಾಸು, ಯಾರು ಫೇಲು ಅಂತ?” ಎಂದಳು. ಅವಳು ಯಮನೂರಮ್ಮ. ಗಂಡ ವೆಂಕೋಬನಿಗೆ ಲಕ್ವಾ ಹೊಡೆದು ಕೈ ಸ್ವಾಧೀನ ತಪ್ಪಿದ ಮೇಲೆ ಹನ್ನೆರಡು ವರ್ಷದಿಂದ ಅವಳೇ ಹರಿಗೋಲು ನಡೆಸುತ್ತಿದ್ದಳು. ಹೆಬ್ಬೆಟ್ಟು. ಅವಳಂಥವರು ಆ ಗುಂಪಿನಲ್ಲಿ ಹದಿನಾಲ್ಕು ಮಂದಿ.

ಅಲ್ಲೇ ಬಂಡೆಯ ಮೇಲೆ ತಿದ್ದುಪಡಿ ಬರೆದಿದ್ದ. ವಿಧೇಯಕದ ಭಾಷೆಯಲ್ಲೇ ಇರಬೇಕೆಂದು ನಾಲ್ಕು ಸಲ ಹೊಡೆದು ಬರೆದು, ಕೊನೆಗೆ ಗಟ್ಟಿಯಾಗಿ ಓದಿದ: ಪರಂತು, ಈ ಅಧಿನಿಯಮದ ಪ್ರಾರಂಭಕ್ಕೆ ಮುಂಚೆ ಐದು ವರ್ಷಗಳಿಗೆ ಕಡಿಮೆಯಿಲ್ಲದ ಕಾಲ ಹರಿಗೋಲು ನಡೆಸಿದ ವ್ಯಕ್ತಿಗೆ ಈ ಉಪಖಂಡವು ಅನ್ವಯವಾಗತಕ್ಕದ್ದಲ್ಲ. “ಪರಂತು ಅಂದ್ರ ಏನ್ರಿ?” ಎಂದಳು ಯಮನೂರಮ್ಮ. “ಆದ್ರ ಅಂತ. ಮ್ಯಾಲಿನ ಮಾತು ಖರೆ, ಆದ್ರ ಈ ಮಂದಿಗೆ ಅದು ಹತ್ತೂದಿಲ್ಲ ಅಂತ.” ಅವಳು ನಕ್ಕು, “ಹಂಗಾರ ನಾವು ಪರಂತು ಮಂದಿ,” ಎಂದಳು. ಇನ್ನೆರಡು ಸಲ ಓದಿಸಿಕೊಂಡಳು. ಮೂರನೆಯ ಸಲ ಅವನ ಜತೆ ಅವಳ ತುಟಿಗಳೂ ಆಡುತ್ತಿದ್ದವು.

ಬೆಳಗಾವಿಯಲ್ಲಿ ಅಧಿವೇಶನದ ಕೊನೆಯ ದಿನ. ವಿಧಾನಸಭೆ ಹಿಂದಿನ ಸಂಜೆ ವಿಧೇಯಕವನ್ನು ಅಂಗೀಕರಿಸಿ ಕಳಿಸಿತ್ತು. ಮೊಗಸಾಲೆಯಲ್ಲಿ, ಅದನ್ನು ತಂದ ಸಚಿವರು ಅವನ ಮೊಣಕೈ ಹಿಡಿದು ಕಿಟಕಿಯ ಹತ್ತಿರ ಕರೆದೊಯ್ದರು. “ಮೇಷ್ಟ್ರೇ, ನಿಮ್ಮ ತಿದ್ದುಪಡಿ ನೋಡಿದೆ. ನ್ಯಾಯವಾಗಿದೆ, ಇಲ್ಲ ಅನ್ನಲ್ಲ. ಆದರೆ ಇಲ್ಲಿ ಒಂದಕ್ಷರ ಬದಲಾದರೂ ವಿಧೇಯಕ ವಾಪಸು ಆ ಮನೆಗೆ ಹೋಗಬೇಕು. ಆ ಮನೆ ಮಧ್ಯಾಹ್ನಕ್ಕೆ ಎದ್ದು ಹೋಗುತ್ತೆ. ಮುಂದಿನ ಅಧಿವೇಶನದ ಹೊತ್ತಿಗೆ ನಿಮ್ಮ ಕೆರೆಗೆ ಯಂತ್ರದ ದೋಣಿ ಇಳಿದಿರುತ್ತವೆ. ಯೋಚನೆ ಮಾಡಿ.” ಬೇಡ ಎನ್ನಲಿಲ್ಲ. ಯೋಚನೆ ಮಾಡಿ ಎಂದರು. ಈ ಎರಡು ತಿಂಗಳು ಕೊಟ್ರಪ್ಪ ಕೊಟ್ಟುಕೊಳ್ಳುತ್ತಿದ್ದ ಉತ್ತರ ಇದೇ: ಹದಿನಾಲ್ಕು ಮಂದಿಗಾಗಿ ಮೂವತ್ತೊಂದು ಮಂದಿಯನ್ನು ಮುಳುಗಿಸಲೇ? ಯಾವ ತಕ್ಕಡಿಯಲ್ಲಿಟ್ಟರೂ ತೂಗುವ ಮಾತು. ಆದರೆ ಸಭಾಪತಿಗಳು, “ಹನ್ನೊಂದನೆಯ ಖಂಡಕ್ಕೆ ಮಾನ್ಯ ಸದಸ್ಯರಾದ ಶ್ರೀ ಕೊಟ್ರಪ್ಪನವರ ತಿದ್ದುಪಡಿ ಇದೆ. ಮಂಡಿಸುತ್ತೀರಾ?” ಎಂದಾಗ ಈ ತಕ್ಕಡಿ ಅವನ ತಲೆಯಲ್ಲಿ ಎಲ್ಲಿತ್ತು? ಹಾಳೆ ಕೈಯಲ್ಲಿತ್ತು. ಮುಂದಿನ ಸಾಲಿನವನೊಬ್ಬ ಕುತ್ತಿಗೆ ಹೊರಳಿಸಿ, ತುಟಿಯ ಅಂಚಿನಲ್ಲಿ ಆಗಲೇ ನಗೆಯಿಟ್ಟುಕೊಂಡು, ಇನ್ನೇನು ಮಾಸ್ತರ ಬೆರಳು ಎತ್ತುತ್ತಾನೆ ಎಂಬಂತೆ ಕಾಯುತ್ತಿದ್ದ. ಅದೊಂದೇ ಕಂಡದ್ದು. ಸಭಾಪತಿಗಳು ಕಾದರು. ಎಷ್ಟು ಹೊತ್ತು? ಉಸಿರು ಒಂದು ಸಲ ಹೋಗಿ ಬರುವಷ್ಟು. “ಮಂಡಿಸಲಿಲ್ಲ. ಹನ್ನೊಂದನೆಯ ಖಂಡವು ವಿಧೇಯಕದ ಭಾಗವಾಗತಕ್ಕದ್ದು ಎಂಬುದು ಪ್ರಶ್ನೆ. ಪರವಾಗಿರುವವರು ‘ಹೌದು’ ಎನ್ನಿ.” ಸದನ ಹೌದು ಎಂದಿತು. ಆ ಗದ್ದಲದಲ್ಲಿ ತನ್ನ ಬಾಯಿಯೂ ಹೌದು ಎಂದದ್ದನ್ನು ಕೊಟ್ರಪ್ಪ ಕೇಳಿಸಿಕೊಂಡ.

ಬಸ್ಸು ನಿಂತಲ್ಲಿಗೆ ಮಕ್ಬುಲಸಾಬ ಬೈಕು ತಂದಿದ್ದ. ಕೆರೆಯ ದಂಡೆಯಲ್ಲಿ ನಿಜವಾಗಿಯೂ ಶಾಮಿಯಾನವಿತ್ತು. ಬ್ಯಾನರಿನಲ್ಲಿ ಕೊಟ್ರಪ್ಪನ ಹದಿನೈದು ವರ್ಷ ಹಿಂದಿನ ಫೋಟೋ. ಕೂದಲು ಕಪ್ಪಿದ್ದ ಆ ಮನುಷ್ಯ ಯಾರಿಗಾದರೂ ಮಾತು ಕೊಟ್ಟರೆ ಉಳಿಸಿಕೊಳ್ಳುವವನಂತೆ ಕಾಣುತ್ತಿದ್ದ. ದಂಡೆಯಲ್ಲಿ ಬೋರಲು ಹಾಕಿದ ಹರಿಗೋಲುಗಳಿಗೆ ಹೊಸದಾಗಿ ಡಾಂಬರು ಬಳಿದಿದ್ದರು, ಬಿಸಿಲಿಗೆ ಅದರ ವಾಸನೆ ಎದ್ದಿತ್ತು. ಅವನನ್ನು ನಡುವಿನ ಕುರ್ಚಿಯಲ್ಲಿ ಕೂಡಿಸಿದರು. ಪಕ್ಕದಲ್ಲಿ ವೆಂಕೋಬ, ಸ್ವಾಧೀನವಿಲ್ಲದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು. ಎದುರಿಗೆ ತಾಡಪಾಲಿನ ಮೇಲೆ ಯಮನೂರಮ್ಮ, ಅವಳ ಪಕ್ಕ ಮಗಳು ಮಹೇಶ್ವರಿ. ಸನ್ಮಾನಕ್ಕೆ ಮುಂಚೆ ಕಾನೂನನ್ನು ಎಲ್ಲರಿಗೂ ಓದಿ ಹೇಳಬೇಕೆಂದು ಮಕ್ಬುಲಸಾಬ ಮೈಕು ಹಿಡಿದ. ಕೊಟ್ರಪ್ಪ ಆಗಲೇ ಎದ್ದು ನಿಲ್ಲಬಹುದಿತ್ತು. ಓದುವುದು ಒಂದನೆಯ ಪ್ರಕರಣದಿಂದ ಶುರುವಾಯಿತು. ಎರಡು. ಮೂರು. ಪರಿಭಾಷೆಗಳಲ್ಲಿ ‘ಹರಿಗೋಲು’ ಎಂಬ ಶಬ್ದ ಬಂದಾಗ ಯಾರೋ ಸಿಳ್ಳೆ ಹೊಡೆದರು. ಅಂಕಿಗಳು ಒಂದೊಂದಾಗಿ ಏರುತ್ತಿದ್ದಂತೆ, ಸದನದಲ್ಲಿ ಅಂಕಿಗಳು ಹೀಗೇ ಏರಿದ್ದವು ಎಂದುಕೊಂಡ. ಅಲ್ಲಿ ಇಡೀ ಕಾನೂನಿಗೆ ಹನ್ನೊಂದು ನಿಮಿಷ ಹಿಡಿದಿತ್ತು. ಹತ್ತು ಮುಗಿಯಿತು. ಯಮನೂರಮ್ಮ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತಳು, ಮದುವೆಯಲ್ಲಿ ತನ್ನ ಮನೆಯವರ ಹೆಸರು ಕೂಗುವ ಹೊತ್ತಿಗೆ ಕೂರುವ ಹಾಗೆ. “...ತೇರ್ಗಡೆಯಾಗಿರತಕ್ಕದ್ದು,” ಎಂದು ಓದಿ ಮಕ್ಬುಲಸಾಬ ಉಸಿರು ತೆಗೆದುಕೊಂಡ. ಅವಳ ತುಟಿ ಅಲುಗಿತು. “ಪ್ರಕರಣ ಹನ್ನೆರಡು,” ಎಂದ ಮಕ್ಬುಲಸಾಬ.

“ತಡೀರಿ,” ಎಂದಳು ಯಮನೂರಮ್ಮ. “ಪರಂತು ಬರಲಿಲ್ಲಲ್ರಿ?”

ಮಕ್ಬುಲಸಾಬ ಹಾಳೆಯನ್ನು ಮೇಲೆ ಕೆಳಗೆ ನೋಡಿದ. “ಇದರಾಗ ಇಲ್ಲ ಅಕ್ಕಾ.”

“ಐತಿ ನೋಡ್ರಿ. ಪರಂತು, ಈ ಅಧಿನಿಯಮದ ಪ್ರಾರಂಭಕ್ಕೆ ಮುಂಚೆ ಐದು ವರ್ಷಗಳಿಗೆ ಕಡಿಮೆಯಿಲ್ಲದ ಕಾಲ...” ಒಂದಕ್ಷರ ತಪ್ಪದೆ ಹೇಳಿದಳು. ನವೆಂಬರಿನಿಂದ ಹುಟ್ಟು ಹಾಕುತ್ತ ಹಾಕುತ್ತ ಎಷ್ಟು ಸಲ ಹೇಳಿಕೊಂಡಿದ್ದಳೋ, ಅವಳ ಬಾಯಲ್ಲಿ ಅದು ಸರ್ಕಾರದ ಮಾತಾಗಿರಲಿಲ್ಲ. ಹೇಳಿ ಮುಗಿಸಿ ಕೊಟ್ರಪ್ಪನ ಕಡೆ ತಿರುಗಿದಳು. ಅನುಮಾನದಿಂದಲ್ಲ, ಮಕ್ಬುಲಸಾಬ ಹಾಳೆ ತಪ್ಪಿಸಿದ್ದಾನೆ, ಮಾಸ್ತರರು ಈಗ ತೋರಿಸುತ್ತಾರೆ ಎಂಬ ನಂಬಿಕೆಯಿಂದ. ಅವನಿಗೆ ತಡೆಯಲಾಗದ್ದು ಅದೇ.

ಕೂತಲ್ಲಿಂದಲೇ ಹೇಳಿದ. ಎರಡು ಮನೆಗಳ ಮಾತು, ಒಂದಕ್ಷರ ಬದಲಾದರೂ ವಾಪಸು ಹೋಗುವ ಮಾತು, ಕೊನೆಯ ದಿನದ ಮಾತು, ಯಂತ್ರದ ದೋಣಿಗಳ ಮಾತು. ಹಲಗೆಯ ಮೇಲೆ ಬರೆದು ತೋರಿಸಿದಷ್ಟು ಸ್ಪಷ್ಟವಾಗಿ ಹೇಳಿದ. ಮೊದಲು ತಲೆಯಾಡಿಸಿದವನು ಮಕ್ಬುಲಸಾಬನೇ. “ಸರ್ ಹೇಳೂದು ಖರೆ ಐತಿ. ಯಂತ್ರದ ದೋಣಿ ಇಳದಿದ್ರ ಮೂವತ್ತೊಂದೂ ಮಂದಿ ಮನೀಗೇ.” ಯಾರೋ ಹೌದೌದು ಎಂದರು. ಯಮನೂರಮ್ಮ, “ಹಂಗಿದ್ರ ಅದು ಬ್ಯಾರೆ ಮಾತು ಬಿಡ್ರಿ,” ಎಂದಳು. “ಎಲ್ಲಾರ ಸಲುವಾಗಿ ಆತಲ್ಲ.”

ಮುಗಿದಿತ್ತು. ಶಾಲು ಹೊದಿಸಿಕೊಂಡು ಎರಡು ಗಂಟೆಯ ಬಸ್ಸಿಗೆ ಹಿಂದಿರುಗಬಹುದಿತ್ತು. ಎರಡು ತಿಂಗಳು ತಾನು ಕೊಟ್ಟುಕೊಂಡೂ ನಂಬದಿದ್ದ ಉತ್ತರವನ್ನು ಈ ಹೆಂಗಸು ಒಂದೇ ಸಲಕ್ಕೆ ನಂಬಿದ್ದಳು. ತನ್ನ ಬುತ್ತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಂತೆ ಅವಳ ಮುಖದಲ್ಲಿ ಸಣ್ಣ ಸಮಾಧಾನವೂ ಬಂದಿತ್ತು. ಆ ಸಮಾಧಾನ ಕಳ್ಳಮಾಲು, ಕೊಟ್ಟವನು ತಾನು.

“ಅಲ್ಲ ಯಮನೂರವ್ವ,” ಎಂದ. ಮೈಕು ಹತ್ತಿರವಿದ್ದುದರಿಂದ ಅದು ಕೆರೆಯ ಆಚೆ ದಂಡೆಗೂ ಕೇಳಿಸಿತು. “ಈಗ ಹೇಳಿದ್ದು ಸುಳ್ಳಲ್ಲ. ಆದ್ರ ಆ ಹೊತ್ತಿನಾಗ ನಾ ಅದನ್ನ ವಿಚಾರ ಮಾಡಲಿಲ್ಲ. ಹೆಸರು ಹಿಡದು ಕರದ್ರು. ಎದ್ರ ನಗ್ತಾರಂತ ಕೂತೆ.”

ಮಕ್ಬುಲಸಾಬ ಮೈಕಿನ ಗುಂಡಿ ಒತ್ತಿ ಆರಿಸಿದ.

“ನಗ್ತಾರಂತ?” ಎಂದಳು ಯಮನೂರಮ್ಮ.

“ಹೂಂ.”

“ಆ ಹೊತ್ತಿನಾಗ ನಾವು ನೆನಪಿಗೆ ಬರಲಿಲ್ಲೇನ್ರಿ?”

ಬರಲಿಲ್ಲ ಎಂದರೆ ಮರೆತದ್ದಾಗುತ್ತಿತ್ತು. ಮರೆವಿಗೆ ಕ್ಷಮೆ ಇದೆ. “ಬಂದ್ರಿ,” ಎಂದ ಕೊಟ್ರಪ್ಪ. “ನಿಮ್ಮ ಹಾಳಿ ನನ್ನ ಕೈಯಾಗ ಇತ್ತು. ಆದ್ರೂ ಕೂತೆ. ಎಲ್ಲಾರೂ ಹೌದಂದ್ರು, ನಾನೂ ಅಂದೆ.”

ಅವಳು ಬೈದಿದ್ದರೆ ಆಗುತ್ತಿತ್ತು. ಹಿಂದೆ ಕೂತಿದ್ದ ಮುದುಕನೊಬ್ಬ, ತಂದ ಶಾಲು ಏನು ಮಾಡುವುದು ಎಂದು ಪಿಸುಗುಟ್ಟಿದ. ಇನ್ನೊಬ್ಬ, ತಂದಾಗಿದೆ ಹೊಚ್ಚಿಬಿಡಿ ಎಂದ. ಮಕ್ಬುಲಸಾಬ ಕಣ್ಣು ತಪ್ಪಿಸಿ ಶಾಲು ಹೊದಿಸಿದ. ಬೇಡ ಎನ್ನುವ ಹಕ್ಕೂ ತನಗಿಲ್ಲವೆಂದು ಕೊಟ್ರಪ್ಪ ತಲೆ ಬಾಗಿಸಿದ. ಎರಡೋ ಮೂರೋ ಕೈಗಳು ಚಪ್ಪಾಳೆ ತಟ್ಟಿ, ಉಳಿದವು ತಟ್ಟದ್ದನ್ನು ಕಂಡು ನಿಂತವು. ಅಷ್ಟರಲ್ಲಿ ದಾರಿಯ ಕಡೆಯಿಂದ ಪ್ರವಾಸಿಗರ ಗುಂಪೊಂದು ಇಳಿದು ಬಂತು. ಯಮನೂರಮ್ಮ ಎದ್ದು ಹುಟ್ಟು ತೆಗೆದುಕೊಂಡಳು.

“ಕಾನೂನು ಯಾವಾಗಿಂದ ಸುರುವಂತ್ರಿ?”

“ಜೂನ್ ಒಂದರಿಂದ.”

“ಹಂಗಾರ ಅಲ್ಲೀತನಕ ಕೆರಿ ನಂದು,” ಎಂದು ನಡೆದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. “ಮತ್ತ ಸೇರಸಾಕ ಬರಂಗಿಲ್ಲೇನು, ಆ ಪರಂತು?”

“ಬರ್ತೈತಿ. ನಾನೇ ಒಂದು ವಿಧೇಯಕ ತರಬೇಕು. ಒಬ್ಬ ಸದಸ್ಯ ತಂದದ್ದು ಪಾಸಾಗೂದು ಭಾಳ ಅಪರೂಪ. ವರುಷ ಹಿಡೀತೈತಿ.”

“ನಿಂತು ಕೇಳಬೇಕೇನ್ರಿ ಅದಕ್ಕ?”

“ನಿಂತು ಕೇಳಬೇಕು.”

ಅವಳು ಹರಿಗೋಲನ್ನು ನೀರಿಗೆ ದಬ್ಬಿದಳು. ಕೊಟ್ರಪ್ಪ ಎರಡು ಗಂಟೆಯ ಬಸ್ಸು ಬಿಟ್ಟ. ಖಾಲಿಯಾಗುತ್ತಿದ್ದ ಶಾಮಿಯಾನದಲ್ಲಿ ಕೂತು ಹದಿನಾಲ್ಕು ಮಂದಿಯ ಹೆಸರು, ಯಾರು ಎಷ್ಟು ವರ್ಷದಿಂದ ಹರಿಗೋಲು ನಡೆಸಿದ್ದಾರೆ ಎಂಬುದನ್ನು ಬರೆದುಕೊಂಡ. ಕೆಲವರು ಹೇಳಿದರು. ಇಬ್ಬರು, ಬರೆದೇನು ಮಾಡ್ತೀರಿ ಎಂದು ಎದ್ದು ಹೋದರು. ಅವರ ಹೆಸರುಗಳನ್ನು ವೆಂಕೋಬ ತೊದಲುತ್ತ ಹೇಳಿ ಬರೆಸಿದ.

ಜುಲೈಯಲ್ಲಿ ಕೊಟ್ರಪ್ಪ ತನ್ನ ಖಾಸಗಿ ವಿಧೇಯಕವನ್ನು ಬೆಂಗಳೂರಿನ ಅಧಿವೇಶನದಲ್ಲಿ ಮಂಡಿಸಿದ. ಅದಕ್ಕೆ ಲಗತ್ತಿಸಬೇಕಾದ ಉದ್ದೇಶ ಮತ್ತು ಕಾರಣಗಳ ಹೇಳಿಕೆಯಲ್ಲಿ ನಿಜವಾದ ಕಾರಣ ಬರೆಯುವ ಹಾಗಿರಲಿಲ್ಲ, ಉಳಿದದ್ದನ್ನೆಲ್ಲ ಬರೆದ. ಅಷ್ಟರಲ್ಲಿ ಸಾಣಾಪುರದಲ್ಲಿ ಮಹೇಶ್ವರಿಯ ಹೆಸರಿಗೆ ಪರವಾನಗಿ ಬಂದಿತ್ತು. ಹತ್ತನೆಯ ತರಗತಿ ಪಾಸಾದ ಮಗಳು ಹುಟ್ಟು ಹಿಡಿದು ತಿಣುಕುತ್ತಿದ್ದರೆ, ಹನ್ನೆರಡು ವರ್ಷ ಕೆರೆ ಬಲ್ಲ ತಾಯಿ ಪ್ರಯಾಣಿಕಳಂತೆ ಎದುರು ಕೂತು, ಗಾಳಿ ಎತ್ತ ಬೀಸುತ್ತಿದೆ, ಬಂಡೆ ಎಲ್ಲಿದೆ ಎಂದು ಬಾಯಲ್ಲಿ ಹೇಳುತ್ತಿದ್ದಳು. ತಪಾಸಣೆಯವರು ಬಂದ ದಿನ ಯಮನೂರಮ್ಮ ಹುಟ್ಟು ಹಿಡಿದು ಜಡ್ಡುಗಟ್ಟಿದ ಕೈಯನ್ನು ಸೆರಗಿನಡಿ ಮುಚ್ಚಿಕೊಳ್ಳುತ್ತಾಳೆಂದು ಮಕ್ಬುಲಸಾಬ ಫೋನಿನಲ್ಲಿ ಹೇಳಿದ್ದ.

ವಿಧೇಯಕ ಚರ್ಚೆಗೆ ಬಂದದ್ದು ಡಿಸೆಂಬರಿನಲ್ಲಿ, ಮತ್ತೆ ಬೆಳಗಾವಿಯಲ್ಲಿ, ಸದನ ಅರ್ಧ ಖಾಲಿಯಾಗಿದ್ದ ಮಧ್ಯಾಹ್ನ. ಹೆಸರು ಕರೆದರು. ಎದ್ದ. ಮುಂದಿನ ಮೇಜನ್ನು ಹಿಡಿದುಕೊಂಡ. ಹದಿನಾಲ್ಕು ಹೆಸರು ಓದಿದ, ವರ್ಷಗಳನ್ನು ಓದಿದ. ನಡುವೆ ಯಾರೋ ನಕ್ಕರು, ತನಗೋ ಬೇರೆಯದಕ್ಕೋ ತಿಳಿಯಲಿಲ್ಲ, ಓದು ನಿಲ್ಲಿಸಲಿಲ್ಲ. ಸಚಿವರು ಎದ್ದು, ಸರ್ಕಾರ ಸಹಾನುಭೂತಿಯಿಂದ ಪರಿಶೀಲಿಸುತ್ತದೆ, ಮಾನ್ಯ ಸದಸ್ಯರು ವಿಧೇಯಕವನ್ನು ಹಿಂತೆಗೆದುಕೊಳ್ಳಬೇಕು ಎಂದು ವಿನಂತಿಸಿದರು. ಎಲ್ಲರೂ ತೆಗೆದುಕೊಳ್ಳುತ್ತಾರೆ, ಅದು ಪದ್ಧತಿ. “ಹಿಂತೆಗೆದುಕೊಳ್ಳುತ್ತೀರಾ?” ಎಂದರು ಸಭಾಪತಿಗಳು. “ಇಲ್ಲ,” ಎಂದ ಕೊಟ್ರಪ್ಪ. ಮತಕ್ಕೆ ಹಾಕಿದರು. ಹೌದು ಎಂದ ಅವನ ಧ್ವನಿ ಒಡೆದ ಗಂಟೆಯ ಹಾಗೆ ಒಂಟಿಯಾಗಿ ಕೇಳಿಸಿತು. ಅದರ ಹಿಂದೆಯೇ, ಬಲಗಡೆಯ ಕೊನೆಯ ಸಾಲುಗಳಿಂದ ಇನ್ನೊಂದು ಹೌದು. ತಿರುಗಿ ನೋಡುವುದರೊಳಗೆ ಇಲ್ಲ ಎನ್ನುವವರ ಗದ್ದಲ ಎದ್ದಿತು. ವಿಧೇಯಕ ಬಿತ್ತು.

ಹೊರಗಿನ ಮೆಟ್ಟಿಲ ಮೇಲೆ ನಿಂತು ಸಾಣಾಪುರಕ್ಕೆ ಫೋನು ಮಾಡಿದ. ಮಹೇಶ್ವರಿ ಎತ್ತಿ ತಾಯಿಗೆ ಕೊಟ್ಟಳು. ನೀರಿನ ಸಪ್ಪಳ ಕೇಳಿಸುತ್ತಿತ್ತು.

“ಬಿತ್ತು, ಯಮನೂರವ್ವ.”

“ಎಷ್ಟ ಮಂದಿ ಅಂದ್ರಿ, ಹೌದಂತ?”

“ನಾ ಒಬ್ಬನ. ಹಿಂದಿಂದ ಇನ್ನೊಬ್ಬರದು ಕೇಳ್ತು. ಖರೇನ ಅಂದ್ರೋ, ಚ್ಯಾಷ್ಟಿಗೆ ಅಂದ್ರೋ.”

“ಯಾರಂತ ನೋಡಲಿಲ್ಲೇನು?”

“ಇಲ್ಲ.”

“ಹೋಗಿ ಹುಡುಕ್ರಿ ಮತ್ತ ಅವರನ್ನ,” ಎಂದಳು ಯಮನೂರಮ್ಮ. ಆಮೇಲೆ ಫೋನಿನಿಂದ ಬಾಯಿ ತೆಗೆದು, “ಎಡಕ್ಕ ಹೊಡಿ, ಎಡಕ್ಕ, ಬಂಡೆಗಲ್ಲು ಐತಲ್ಲಿ,” ಎಂದು ಮಗಳಿಗೆ ಕೂಗಿದಳು. ಫೋನು ಕಟ್ಟಾಯಿತು.

ಕೊಟ್ರಪ್ಪ ಒಳಗೆ ಹೋದ. ಉಪಾಹಾರ ಗೃಹದಲ್ಲಿ ಸದಸ್ಯರು ಚಹಾಕ್ಕೆ ಕೂತಿದ್ದರು, ಆರೇಳು ಮೇಜು ತುಂಬಿದ್ದವು. ಮೊದಲನೆಯ ಮೇಜಿನ ಹತ್ತಿರ ನಿಂತು, “ಈಗ ನನ್ನ ವಿಧೇಯಕಕ್ಕ ಹೌದು ಅಂದವರು ನೀವೇನ್ರಿ?” ಎಂದು ಕೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕು, ಅಲ್ಲ ಎಂದರು. ಅವನು ಎರಡನೆಯ ಮೇಜಿಗೆ ಹೋದ.